ಮೂರು ಸುತ್ತಿನ ಬುನಾ

ನಮಸ್ಕಾರ ಕೇಳುಗರೇ. ಬೆಳಿಗ್ಗೆ ಡಿಕಾಕ್ಷನ್‌ಗೆ ಬಿಸಿ ಹಾಲು ಬೆರೆಸ್ಕೊಂಡು ನಿಂತ್ಕೊಂಡೇ ಕುಡಿದು ಬಸ್ಸಿಗೆ ಓಡೋ ಜನ ನಾವು. ಇಥಿಯೋಪಿಯಾದಲ್ಲಿ ಮನೆಗೆ ನೆಂಟರು ಬಂದು ಕಾಫಿಗೆ ಕೂತರು ಅಂದ್ರೆ ಒಂದು ಗಂಟೆ, ಎಷ್ಟೋ ಸಲ ಎರಡು ಗಂಟೇನೂ ಆಗುತ್ತೆ, ಯಾಕಂದ್ರೆ ಹಸಿ ಬೀಜ ತೊಳೆಯೋದ್ರಿಂದ ಹಿಡಿದು ಹುರಿದು, ಕುಟ್ಟಿ, ಕುದಿಸಿ, ಬಗ್ಗಿಸೋ ತನಕ ಎಲ್ಲಾನೂ ಅವರ ಕಣ್ಣೆದುರಿಗೇ ನಡೆಯುತ್ತೆ. ಕಾಫಿಗೆ ಅಲ್ಲಿ ಬುನಾ ಅಂತಾರೆ. ಈ ಬುನಾನ ಮಕ್ಕಳನ್ನೂ ಸೇರಿಸ್ಕೊಂಡು ಒಂದು ಭಾನುವಾರ ನಮ್ಮ ಮನೇಲೇ ಮಾಡೋದು ಹೇಗೆ ಅಂತ ಇವತ್ತು ಹೇಳ್ತೀನಿ.

ಆದ್ರೆ ಒಂದು ಮಾತು ಮೊದ್ಲೇ ಹೇಳಿಬಿಡ್ತೀನಿ. ಆಫ್ರಿಕಾ ತೋರಿಸ್ತೀವಿ ಅಂತ ಮಕ್ಕಳ ಮುಖಕ್ಕೆ ಬಣ್ಣ ಬಳಿದು, ಸೊಂಟಕ್ಕೆ ಎಲೆ ಕಟ್ಟಿ ಸ್ಟೇಜ್ ಮೇಲೆ ಕುಣಿಸ್ತಾರಲ್ಲ, ಅದು ನನಗೆ ಒಂಚೂರೂ ಸೇರಲ್ಲ. 50ಕ್ಕೂ ಜಾಸ್ತಿ ದೇಶ ಇರೋ ಖಂಡ ಅದು. ಒಂದು ದೇಶ, ಅಲ್ಲಿನ ಒಂದು ಪದ್ಧತಿ ಹಿಡ್ಕೊಳ್ಳಿ, ಸಾಕು.

ಹಾಗಾಗಿ ಮೊದ್ಲು ಮ್ಯಾಪ್ ಹರಡಿ. ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬ ಹುಡುಕಿಸಿ, ಅಲ್ಲಿಂದ ನೈಋತ್ಯಕ್ಕೆ ಬಂದ್ರೆ ಕಾಫಾ ಅನ್ನೋ ಸೀಮೆ, ಆ ಕಡೆಯ ಕಾಡುಗಳಲ್ಲಿ ಅರೇಬಿಕಾ ಅನ್ನೋ ಜಾತಿಯ ಕಾಫಿ ಗಿಡ ಯಾರೂ ನೆಡದೇ ತಾನಾಗೇ ಬೆಳೆಯುತ್ತೆ. ಆಮೇಲೆ ಮಗುವಿನ ಬೆರಳು ಕೆಂಪು ಸಮುದ್ರ ದಾಟಿ ಯೆಮೆನ್ ದೇಶದ ಮೋಖಾ ಬಂದರಿಗೆ ಬರ್ಲಿ, ಅಲ್ಲಿಂದ ಅರಬ್ಬೀ ಸಮುದ್ರ ದಾಟಿದ್ರೆ ನಮ್ಮ ಚಿಕ್ಕಮಗಳೂರೇ. 17ನೇ ಶತಮಾನದಲ್ಲಿ ಬಾಬಾ ಬುಡನ್ ಏಳು ಬೀಜ ತಂದ್ರು ಅನ್ನೋ ಕಥೆ ನಿಮಗೆಲ್ಲಾ ಗೊತ್ತೇ ಇದೆ, ಅದನ್ನ ಅಜ್ಜಿ ತಾತನ ಕೈಲಿ ಹೇಳಿಸಿ.

ಈಗ ಕೆಲಸ. ನೆಲಕ್ಕೆ ಹಸಿ ಹುಲ್ಲು ಹರಡೋದು ಚಿಕ್ಕವರಿಗೆ ಬಿಡಿ, ಅಲ್ಲೂ ಹೀಗೇ ಹುಲ್ಲು ಹಾಸ್ತಾರೆ, ಪಕ್ಕದಲ್ಲಿ ಧೂಪ ಹೊಗೆಯಾಡ್ತಿರುತ್ತೆ. ಹುರಿಯದೇ ಇರೋ ಕಾಫಿ ಬೀಜ ಪುಡಿ ಅಂಗಡೀಲಿ ಕೇಳಿದ್ರೆ ಕೊಡ್ತಾರೆ. ಒಂದು ಹಿಡಿ ಸಾಕು. ತೊಳೆದು, ಕಬ್ಬಿಣದ ಬಾಣಲೇಲಿ ಹದ ಉರಿ ಮೇಲೆ ಕೈ ಬಿಡದೇ ಆಡಿಸ್ತಾ ಇರಿ, ಇದು ದೊಡ್ಡವರ ಕೆಲಸ, ಮಕ್ಕಳು ದೂರದಿಂದ ನೋಡ್ಲಿ. ಇದ್ದಿಲ ಒಲೆ ಇದ್ರೆ ದಯವಿಟ್ಟು ಅಂಗಳದಲ್ಲೇ, ಬಾಗಿಲು ಮುಚ್ಚಿದ ರೂಮಲ್ಲಿ ಬೇಡವೇ ಬೇಡ. ಹಸಿರು ಹೋಗಿ ಹಳದಿ ಆಗುತ್ತೆ, ಆಗ ಬರೋದು ಹಸಿ ಹುಲ್ಲಿನಂಥ ವಾಸನೆ, ಇದೇನು ಕಾಫಿನಾ ಅಂತ ಮಕ್ಕಳು ಮೂಗು ಮುಚ್ಕೋಬಹುದು. ಸ್ವಲ್ಪ ತಡೀರಿ, ಕಂದು ತಿರುಗಿ, ತೆಳ್ಳನೆ ಸಿಪ್ಪೆ ಹಾರೋಕೆ ಶುರುವಾಗಿ, ಚಟಪಟ ಅಂತ ಸದ್ದು ಬರುತ್ತೆ. ಆ ಸದ್ದು ನಿಂತು ಬೀಜ ಗಾಢ ಬಣ್ಣಕ್ಕೆ ಬಂದಾಗ ಇಳಿಸಿ, ಹೊಗೆಯಾಡೋ ಬಾಣಲೇನ ಒಬ್ಬೊಬ್ಬರ ಹತ್ರಾನೂ ತಗೊಂಡು ಹೋಗಿ. ಮಂಗಳಾರತಿ ತಗೊಳ್ಳೋ ಥರಾನೇ ಅಲ್ಲಿ ನೆಂಟರು ಆ ಹೊಗೇನ ಕೈಯಿಂದ ಮುಖದ ಕಡೆ ಎಳ್ಕೋತಾರೆ. ಇಡೀ ಕಾರ್ಯಕ್ರಮದಲ್ಲಿ ನನಗೆ ಇಷ್ಟದ್ದು ಇದೇ ಘಳಿಗೆ, ಕುಡಿಯೋದು ಆಮೇಲಿನ ಮಾತು.

ಬೀಜ ಆರಿದ ಮೇಲೆ ಕುಟ್ಟೋದು ಮಕ್ಕಳ ಪಾಲು. ಮೆಣಸು, ಶುಂಠಿ ಜಜ್ಜಿದ ಕುಟ್ಟಾಣಿ ಆದ್ರೆ ಹಿಂದಿನ ದಿನವೇ ಚೆನ್ನಾಗಿ ತೊಳೆದು ಒಣಗಿಸಿ, ಇಲ್ಲಾಂದ್ರೆ ಕಷಾಯ ಕುಡಿದಂಗಾಗುತ್ತೆ. ಕುದಿಸೋಕೆ ಅಲ್ಲಿ ಜೆಬೆನಾ ಅಂತ ಮಣ್ಣಿನ ಪಾತ್ರೆ ಇದೆ, ತಳ ಗುಂಡಗೆ, ಕತ್ತು ಸಪೂರ. ನಮಗೆ ಸಣ್ಣ ಪಾತ್ರೆ ಆದ್ರೂ ನಡೆಯುತ್ತೆ. ನೀರಿಗೆ ಪುಡಿ ಹಾಕಿ ಉಕ್ಕಿ ಬಂದಾಗ ಇಳಿಸಿ, ಚರಟ ತಳಕ್ಕೆ ಕೂರೋ ತನಕ ಅಲ್ಲಾಡಿಸದೇ ಬಿಡಿ. ಹಿಡಿ ಇಲ್ಲದ ಪುಟ್ಟ ಕಪ್‌ಗಳಿಗೆ ಸ್ವಲ್ಪ ಎತ್ತರದಿಂದ ಬಗ್ಗಿಸ್ತಾರೆ. ಹಾಲು ಸಾಮಾನ್ಯವಾಗಿ ಇಲ್ಲ, ಸಕ್ಕರೆ ಧಾರಾಳ, ಕೆಲವು ಕಡೆ ಉಪ್ಪು ಅಥವಾ ಬೆಣ್ಣೆ ಹಾಕೋದೂ ಉಂಟು.

ಮೊದಲ ಸುತ್ತಿಗೆ ಅಬೋಲ್ ಅಂತ ಹೆಸರು. ಅದೇ ಚರಟಕ್ಕೆ ಮತ್ತೆ ನೀರು ಹಾಕಿ ಕುದಿಸಿದ್ರೆ ತೋನಾ, ಮತ್ತೊಂದ್ಸಲ ಕುದಿಸಿದ್ರೆ ಬರಕಾ, ಅಂದ್ರೆ ಆಶೀರ್ವಾದದ ಸುತ್ತು. ಬರಕಾ ಮುಗಿಯೋ ಮುಂಚೆ ಎದ್ದು ಹೋಗೋದು ಮರ್ಯಾದೆ ಅಲ್ಲ. ಸುತ್ತು ಸುತ್ತಿಗೂ ಕಾಫಿ ತೆಳ್ಳಗಾಗುತ್ತೆ, ಮಾತು ಮಾತ್ರ ಬೆಳೀತಾ ಹೋಗುತ್ತೆ. ಮೂರೂ ಸುತ್ತು ಮುಗಿಯೋ ತನಕ ಮೊಬೈಲ್‌ಗಳೆಲ್ಲಾ ಬೇರೆ ರೂಮಲ್ಲಿರ್ಲಿ. ಮಕ್ಕಳಿಗೆ ಕಾಫಿ ಬೇಕಾಗಿಲ್ಲ, ಪಾಪ್‌ಕಾರ್ನ್ ಕೊಡಿ, ಅದೂ ಅಲ್ಲಿನ ಪದ್ಧತೀನೇ, ಬುನಾ ಜೊತೆ ಪಾಪ್‌ಕಾರ್ನ್ ಅಥವಾ ಹುರಿದ ಬಾರ್ಲಿ ಇಡ್ತಾರೆ. ಕಪ್ ಹಂಚೋ ಕೆಲಸ ಮಕ್ಕಳಿಗೆ ಕೊಡಿ, ಮನೇಲಿ ಯಾರು ದೊಡ್ಡವರೋ ಅವರಿಗೆ ಮೊದಲು.

ಇನ್ನೊಂದು, ನಮ್ಮ ಯೂನಿವರ್ಸಿಟಿಗಳಿಗೆ ಓದೋಕೆ ಅಂತ ಇಥಿಯೋಪಿಯಾದಿಂದ ಬಂದಿರೋರಿದ್ದಾರೆ. ಪರಿಚಯ ಇದ್ರೆ ಊಟಕ್ಕೆ ಕರೀರಿ, ಮಧ್ಯಾಹ್ನ ಬಾಣಲೆ ಅವರ ಕೈಗೇ ಕೊಡಿ, ನಾನು ಹೇಳಿದ್ರಲ್ಲಿ ಅವರ ಅಮ್ಮ ಏನೇನು ಬೇರೆ ಥರ ಮಾಡ್ತಾರೆ ಅಂತ ಮಕ್ಕಳು ಅವರನ್ನೇ ಕೇಳ್ಲಿ. ನಮಸ್ಕಾರ.