ಟ್ರೆಕ್ ಅಂದರೆ ಎಳಿ

ಕೇಳುಗರಿಗೆ ನಮಸ್ಕಾರ.

ಕುಮಾರಪರ್ವತ ಹತ್ತಿದವರು ನಿಮ್ಮಲ್ಲೂ ಇರಬಹುದು. ಅದರ ತುದಿ 1,712 ಮೀಟರ್ ಎತ್ತರದಲ್ಲಿದೆ. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟ ನನಗೆ ಅರ್ಧ ದಾರಿಯಲ್ಲೇ ಕಾಲು ಸೋತಿತ್ತು. ಮೇಲಿನ ಬಂಡೆಯಿಂದ ಗೆಳೆಯ ಕೈ ಚಾಚಿದ. "ಎಳಿ ಮಾರಾಯ!" ಅಂತ ಕೂಗಿದೆ. ಮನೆಗೆ ಬಂದು ಸುಮ್ನೆ ನಿಘಂಟು ತೆಗೆದರೆ ನಗು ಬಂತು. ಟ್ರೆಕ್ ಅಂದರೆ ಅದೇ, ಎಳಿ!

ಡಚ್ ಭಾಷೆಯಲ್ಲಿ 'ಟ್ರೆಕ್ಕೆನ್' ಅಂದರೆ ಎಳೆಯುವುದು. ಡಚ್ಚರು 1652ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಗೆ ಬಂದು ನೆಲೆಸಿದರು. ಅವರ ಮಾತು ಅಲ್ಲೇ ಬೆಳೆದು ಆಫ್ರಿಕಾನ್ಸ್ ಆಯಿತು. ದೂರ ಹೋಗಬೇಕಾದರೆ ಎತ್ತಿನ ಗಾಡಿಯೇ ಗತಿ. ನಮ್ಮ ಹಾಗೆ ಎರಡೇ ಎತ್ತಲ್ಲ, ಹದಿನಾರರವರೆಗೂ ಕಟ್ಟುತ್ತಿದ್ದರು, ಜೋಡಿಯ ಹಿಂದೆ ಜೋಡಿ. "ಟ್ರೆಕ್!" ಅಂತ ಕೂಗಿದರೆ ಎತ್ತುಗಳು ನೊಗಕ್ಕೆ ಹೆಗಲು ಕೊಡುತ್ತಿದ್ದವು. ಒಮ್ಮೆ ಎತ್ತು ಕಟ್ಟಿ ಮತ್ತೆ ಬಿಚ್ಚುವ ತನಕ ನಡೆದ ದೂರಕ್ಕೂ ಟ್ರೆಕ್ ಅಂತಲೇ ಹೆಸರು. ನಮ್ಮ ಹಿರಿಯರು ಮಜಲು ಅಂತಿದ್ದರಲ್ಲ, ಹಾಗೆ.

ಆಮೇಲೆ ಕೇಪ್ ಬ್ರಿಟಿಷರ ಕೈಗೆ ಹೋಯಿತು. 1834ರಲ್ಲಿ ಅಲ್ಲಿ ಗುಲಾಮಗಿರಿ ರದ್ದಾಯಿತು. ಡಚ್ ಮೂಲದ ರೈತರಿಗೆ, ಅಂದರೆ ಬೋಯರರಿಗೆ, ಬ್ರಿಟಿಷ್ ಆಡಳಿತ ಮೊದಲೇ ಹಿಡಿಸಿರಲಿಲ್ಲ, ಇದಂತೂ ಇನ್ನೂ ಹಿಡಿಸಲಿಲ್ಲ. 1835ರ ಹೊತ್ತಿಗೆ ಸಾವಿರಾರು ಜನ ಮನೆಮಠ ಗಾಡಿಗೆ ಹೇರಿ ಹೊರಟರು. ಇತಿಹಾಸದಲ್ಲಿ ಇದೇ 'ಗ್ರೇಟ್ ಟ್ರೆಕ್'. ಇಂಗ್ಲಿಷಿಗೆ ಪದ ಬಂದದ್ದೂ ಈ ಜನರಿಂದಲೇ.

ದಾರಿಯಲ್ಲಿ ಡ್ರೇಕನ್ಸ್‌ಬರ್ಗ್ ಬೆಟ್ಟಸಾಲು. ಹತ್ತಿದ್ದಕ್ಕಿಂತ ಇಳಿದದ್ದೇ ದೊಡ್ಡ ಸಾಹಸ. ಗಾಡಿಯ ಹಿಂದಿನ ದೊಡ್ಡ ಚಕ್ರ ಬಿಚ್ಚಿ, ಆ ಜಾಗಕ್ಕೆ ಮರದ ದಪ್ಪ ಕೊಂಬೆ ಕಟ್ಟುತ್ತಿದ್ದರು. ಕೊಂಬೆ ನೆಲಕ್ಕೆ ಉಜ್ಜಿಕೊಂಡು ಬರುತ್ತಿತ್ತು, ಅದೇ ಬ್ರೇಕು. ಇಲ್ಲವಾದರೆ ಗಾಡಿ ಎತ್ತುಗಳ ಮೇಲೇ ಹೋಗಿ ಬೀಳುತ್ತದೆ, ಅಲ್ವಾ?

ಅವರು ಸ್ವಾತಂತ್ರ್ಯ ಹುಡುಕಿ ಹೊರಟವರು ಅಂತ ಹೇಳುವುದುಂಟು. ಆದರೆ ಎತ್ತುಗಳ ಮುಂದೆ ಹಗ್ಗ ಹಿಡಿದು ನಡೆದವರು ಹೆಚ್ಚಾಗಿ ಅವರ ಆಳುಗಳು, ಅಲ್ಲಿನ ಮೂಲ ಜನ. ಹೋಗಿ ಸೇರಿದ್ದೂ ಖಾಲಿ ನೆಲವಲ್ಲ, ಜೂಲು ಮುಂತಾದವರ ನಾಡು. 1838ರ ಡಿಸೆಂಬರ್ 16ರಂದು ನಡೆದ ಕಾಳಗದಲ್ಲಿ ಸತ್ತ ಜೂಲುಗಳ ರಕ್ತದಿಂದ ಕೆಂಪಾದ ಹೊಳೆಗೆ 'ಬ್ಲಡ್ ರಿವರ್' ಅಂತಲೇ ಹೆಸರು ಬಿತ್ತು. ಶನಿವಾರ ಬೆನ್ನಿಗೆ ಚೀಲ ಹಾಕಿಕೊಂಡು ಬಸ್ ಹತ್ತುವಾಗ ಇದೆಲ್ಲ ಯಾರಿಗೆ ನೆನಪಾಗುತ್ತೆ ಹೇಳಿ.

ಎತ್ತು ಹೋದರೂ ಪದ ಉಳಿಯಿತು. ಕಷ್ಟದ ದೂರ ಪಯಣವೆಲ್ಲ ಟ್ರೆಕ್ ಆಯಿತು. 1964ರಲ್ಲಿ ಜಿಮ್ಮಿ ರಾಬರ್ಟ್ಸ್ ಅನ್ನುವ ನಿವೃತ್ತ ಬ್ರಿಟಿಷ್ ಸೇನಾಧಿಕಾರಿ ಕಠ್ಮಂಡುವಿನಲ್ಲಿ ಟ್ರೆಕ್ಕಿಂಗ್ ಸಂಸ್ಥೆ ತೆರೆದರು. ದುಡ್ಡು ಕೊಟ್ಟರೆ ಟೆಂಟು, ಅಡುಗೆ ಎಲ್ಲ ಅವರದು. ನಡೆಯೋದಷ್ಟೇ ನಿಮ್ಮದು. ಸಾಮಾನಿನ ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು ಬೆಟ್ಟ ಏರುತ್ತಿದ್ದವರು ಅಲ್ಲಿನ ಹೊರೆಯಾಳುಗಳು.

ನನ್ನ ಚೀಲದ ವಿಷಯ ಹೇಳಲಿಲ್ಲ ಅಲ್ವಾ? ಆ ಬಂಡೆಯಿಂದ ಮುಂದಕ್ಕೆ ಅದನ್ನೂ ಗೆಳೆಯನೇ ಹೊತ್ತಿದ್ದ.

ನಮಸ್ಕಾರ.