ಉರಿಯ ಹೊಟ್ಟೆಯಲ್ಲಿ ಕಾಡಿಗೆ

ಎಲ್ಲರಿಗೂ ನಮಸ್ಕಾರ. ವಿಜ್ಞಾನ ದಿನ ಅಂದಮೇಲೆ ರಾಮನ್ ಅವರ ಬಗ್ಗೆ ಮಾತಾಡುವುದು ವಾಡಿಕೆ. ನಾನು ಒಂದು ಮೇಣದಬತ್ತಿ ತಂದಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ಕಳೆದ ತಿಂಗಳು ನನ್ನ ತಂಗಿಯ ಮಗಳು ಪರೀಕ್ಷೆಯ ಹಾಳೆ ಹಿಡಿದುಕೊಂಡು ಬಂದಳು. ಮುಖ ಚಿಕ್ಕದಾಗಿತ್ತು. ಪ್ರಶ್ನೆ ಇಷ್ಟೇ: ಜ್ವಾಲೆ ದ್ರವ್ಯದ ಯಾವ ಸ್ಥಿತಿ? ಘನ, ದ್ರವ, ಅನಿಲ, ಪ್ಲಾಸ್ಮಾ, ಒಂದಕ್ಕೆ ಗುರುತು ಹಾಕಿ. ಅವಳು ಗುರುತು ಹಾಕದೆ ಪಕ್ಕದಲ್ಲಿ ಬರೆದಿದ್ದಳು: ‘ಅನಿಲ, ಆದರೆ ಹಳದಿ ಇರುವ ಕಡೆ ಘನವೂ ಇದೆ.’ ಸಿಕ್ಕಿದ್ದು ಸೊನ್ನೆ. ಕೆಂಪು ಶಾಯಿಯಲ್ಲಿ ‘ಪ್ಲಾಸ್ಮಾ’ ಅಂತ ತಿದ್ದಿದ್ದರು. ಮಗು ಬರೆದದ್ದೇ ಸರಿ ಅಂತ ಹೇಳುವುದಕ್ಕೆ ಇವತ್ತು ನಿಮ್ಮೆದುರು ನಿಂತಿದ್ದೇನೆ.

‘ಘನ ಇದೆ ಅಂತ ನಿನಗೆ ಹೇಗೆ ಗೊತ್ತಾಯಿತು ಪುಟ್ಟಿ?’ ಅಂತ ಕೇಳಿದೆ. ‘ಕಾಡಿಗೆ ಎಲ್ಲಿಂದ ಬರುತ್ತೆ ಮಾವ?’ ಅಂದಳು.

ನಮ್ಮಮ್ಮ, ಅಂದರೆ ಅವಳ ಅಜ್ಜಿ, ಮನೆಯಲ್ಲಿ ಕಾಡಿಗೆ ಹಿಡಿಯುತ್ತಿದ್ದುದನ್ನು ಅವಳು ನೋಡಿದ್ದಳು. ಈ ಸಭೆಯಲ್ಲಿ ಅರ್ಧ ಜನ ನೋಡಿರುತ್ತೀರಿ. ಹರಳೆಣ್ಣೆ ಹಾಕಿದ ಹಣತೆ, ಎರಡು ಪಕ್ಕ ಎರಡು ಲೋಟ, ಮೇಲೆ ಮಗುಚಿದ ತಾಮ್ರದ ತಟ್ಟೆ. ಲೋಟ ಎಷ್ಟು ಎತ್ತರದ್ದಿರಬೇಕು ಅನ್ನುವುದರಲ್ಲಿ ಅಮ್ಮ ಬಹಳ ಕಟ್ಟುನಿಟ್ಟು. ಒಮ್ಮೆ ನಾನು ಜಾಣತನ ತೋರಿಸಲು ಹೋಗಿ ಉದ್ದದ ಲೋಟ ಇಟ್ಟೆ. ಬೆಳಗ್ಗೆ ನೋಡಿದರೆ ತಟ್ಟೆ ಬರೀ ಬಿಸಿ, ಮಸಿಯೇ ಇಲ್ಲ. ‘ತಟ್ಟೆ ಕುಡಿಗೆ ತಾಗಬೇಕು ಕಣೋ, ಬಿಟ್ಟರೆ ಉರಿ ತನ್ನ ಕಾಡಿಗೇನ ತಾನೇ ತಿಂದುಬಿಡುತ್ತೆ’ ಅಂದರು. ದಹನ ಕ್ರಿಯೆಯ ಬಗ್ಗೆ ಇದಕ್ಕಿಂತ ನಿಖರವಾದ ಮಾತನ್ನು ಕಾಲೇಜಿನಲ್ಲೂ ನಾನು ಕೇಳಲಿಲ್ಲ! ಎಣ್ಣೆಯ ಆವಿ ಕಾದು ಒಡೆದಾಗ ಇಂಗಾಲದ ಅತಿ ಸಣ್ಣ ಕಣಗಳು ಹುಟ್ಟುತ್ತವೆ. ಅವು ಘನ. ಸುಮಾರು 1,200 ಡಿಗ್ರಿ ಶಾಖದಲ್ಲಿ, ಕುಲುಮೆಯ ಕಬ್ಬಿಣದ ಹಾಗೆ, ಹೊಳೆಯುತ್ತವೆ. ನಾವು ದೀಪದ ಬೆಳಕು ಅನ್ನುವುದು ಬಹುಪಾಲು ಅದನ್ನೇ. ಕುಡಿಯ ತುದಿ ತಲುಪುವಷ್ಟರಲ್ಲಿ ಆಕ್ಸಿಜನ್ ಸಿಕ್ಕಿ ಅವೂ ಉರಿದುಹೋಗುತ್ತವೆ. ನಡುವೆ ತಟ್ಟೆ ಅಡ್ಡ ಬಂದರೆ ಕಾಡಿಗೆ.

ಅಡುಗೆಮನೆಯಲ್ಲೂ ಇದೇ ಪಾಠ. ಗ್ಯಾಸ್ ಒಲೆಯ ಉರಿ ನೀಲಿಯಾಗಿದ್ದರೆ ಪಾತ್ರೆಯ ತಳ ಹೊಳೆಯುತ್ತಿರುತ್ತದೆ. ಬರ್ನರ್ ಕಟ್ಟಿಕೊಂಡು ಹಳದಿಗೆ ತಿರುಗಿತೋ, ಮಸಿ ಉಜ್ಜಿ ಉಜ್ಜಿ ಕೈ ಸೋಲುತ್ತದೆ.

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೇಲ್ ಫ್ಯಾರಡೆ 1860ರ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ಆರು ಉಪನ್ಯಾಸಗಳ ಸರಣಿ ಶುರುಮಾಡಿದರು. ಆರೂ ಮೇಣದಬತ್ತಿಯ ಮೇಲೆಯೇ! ಬತ್ತಿಯ ಪಕ್ಕದ ಕಪ್ಪು ಜಾಗಕ್ಕೆ ಬಾಗಿದ ಗಾಜಿನ ಕೊಳವೆ ಇಟ್ಟು, ಅಲ್ಲಿದ್ದ ಮೇಣದ ಆವಿಯನ್ನು ಹೊರಗೆ ತಂದು, ಕೊಳವೆಯ ಇನ್ನೊಂದು ತುದಿಯಲ್ಲಿ ಅದನ್ನು ಹೊತ್ತಿಸಿ ತೋರಿಸಿದರು. ಉರಿಯ ನೆರಳನ್ನೂ ತೋರಿಸಿದರು. ಹೌದು, ಉರಿಗೆ ನೆರಳಿದೆ. ಎಲ್ಲಿ ಅತಿ ಹೆಚ್ಚು ಬೆಳಕೋ ನೆರಳು ಅಲ್ಲೇ ಅತಿ ದಟ್ಟ. ನೆರಳು ಯಾರದು? ಮತ್ತೆ ಕಾಡಿಗೆಯದೇ.

ಇನ್ನು ಪ್ಲಾಸ್ಮಾ. ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಕಳಚಿಕೊಂಡಿರುವ ಅನಿಲ. ಆ ಹೆಸರಿಟ್ಟವರು ಅಮೆರಿಕದ ವಿಜ್ಞಾನಿ ಅರ್ವಿಂಗ್ ಲ್ಯಾಂಗ್‌ಮ್ಯೂರ್, 1928ರಲ್ಲಿ. ರಾಮನ್ ಪರಿಣಾಮದ ವರ್ಷವೂ ಅದೇ ನೋಡಿ. ಅದಕ್ಕೂ ಮೊದಲೇ, 1920ರಲ್ಲಿ, ನಮ್ಮ ಮೇಘನಾದ ಸಹಾ ಅವರು ಎಷ್ಟು ಶಾಖಕ್ಕೆ ಎಷ್ಟು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ ಅನ್ನುವುದಕ್ಕೆ ಸಮೀಕರಣ ಕೊಟ್ಟಿದ್ದರು. ಅದರ ಪ್ರಕಾರ ದೀಪದ ಶಾಖ ಎಲ್ಲಿಗೂ ಸಾಲದು. ಹಾಗಂತ ಉರಿಯಲ್ಲಿ ಅಯಾನುಗಳು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಕಣಗಳು, ಇಲ್ಲವೇ ಇಲ್ಲ ಅಂತಲ್ಲ. ಇಂಧನದ ಒಡೆದ ಚೂರು ಆಕ್ಸಿಜನ್ ಪರಮಾಣುವನ್ನು ಕೂಡುವಾಗ ಅಪರೂಪಕ್ಕೊಮ್ಮೆ ಒಂದು ಎಲೆಕ್ಟ್ರಾನ್ ಸಿಡಿದು ಹೊರಬರುತ್ತದೆ. ಅದು ರಾಸಾಯನಿಕ ಕ್ರಿಯೆಯ ಫಲ, ಬರೀ ಶಾಖದ್ದಲ್ಲ. ಗ್ಯಾಸ್ ಗೀಸರ್ ಇರುವವರು ಗಮನಿಸಿ: ಬಹಳಷ್ಟು ಗೀಸರ್‌ಗಳಲ್ಲಿ ಉರಿಯೊಳಗೆ ಒಂದು ಲೋಹದ ಕಡ್ಡಿ ಇರುತ್ತದೆ. ಉರಿಯ ಮೂಲಕ ತೀರಾ ಸಣ್ಣ ವಿದ್ಯುತ್ ಹರಿಯುತ್ತಿರುವವರೆಗೆ ಗ್ಯಾಸ್ ಬರುತ್ತದೆ. ಉರಿ ಆರಿತೋ, ವಿದ್ಯುತ್ ನಿಂತು ಗ್ಯಾಸೂ ನಿಲ್ಲುತ್ತದೆ. ಇಷ್ಟು ಗುಣ ಉರಿಗೆ ಉಂಟು. ಇಷ್ಟಕ್ಕೇ ದೀಪವನ್ನು ಪ್ಲಾಸ್ಮಾ ಅಂದುಬಿಡುವುದು, ಒಂದು ಹರಳು ಉಪ್ಪು ಬಿದ್ದ ಕೊಡದ ನೀರನ್ನು ಸಮುದ್ರ ಅಂದ ಹಾಗೆ.

ನಮ್ಮ ಭಾಷೆಗೆ ಇದು ಗೊತ್ತಿತ್ತು ಅನ್ನಿಸುತ್ತದೆ. ‘ಉರಿ’ ಅನ್ನುವುದು ಹೆಸರೂ ಹೌದು, ಕ್ರಿಯೆಯೂ ಹೌದು. ಉರಿ ಉರಿಯುತ್ತದೆ. ಈ ಬತ್ತಿಯ ಬುಡದಲ್ಲಿ ಮೇಣ ಘನ, ಬಟ್ಟಲಿನಂಥ ಕುಳಿಯಲ್ಲಿ ದ್ರವ, ಬತ್ತಿಯ ಸುತ್ತ ಆವಿ, ಹಳದಿಯಲ್ಲಿ ಘನ ಇಂಗಾಲ, ಕೊನೆಗೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ. ಈ ಓಡಾಟವನ್ನು ಯಾವ ಒಂದು ಚೌಕದಲ್ಲಿ ಹಿಡಿದು ಕೂರಿಸುತ್ತೀರಿ?

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬಾಹ್ಯಾಕಾಶ ನೌಕೆಯೊಳಗೆ ಉರಿ ಗುಂಡಗೆ, ನೀಲಿಯಾಗಿ ಕಾಣುತ್ತದೆ, ಅದನ್ನೂ ಹೇಳಬೇಕೆಂದಿದ್ದೆ. ಬಿಸಿ ಗಾಳಿ ಮೇಲೇರಲು ಅಲ್ಲಿ ‘ಮೇಲೆ’ ಅನ್ನುವುದೇ ಇಲ್ಲ, ಅಷ್ಟೇ. ಇನ್ನೊಮ್ಮೆ ಕರೆದರೆ ಅದನ್ನೇ ಹೇಳುತ್ತೇನೆ.

ಈಗ ಆ ಫ್ಯಾನ್ ನಿಲ್ಲಿಸಿ, ದೀಪ ಆರಿಸಿ. ಮಕ್ಕಳು ಮುಂದೆ ಬನ್ನಿ. ಬತ್ತಿಯನ್ನು ಊದುತ್ತೇನೆ. ಬಿಳಿ ಹೊಗೆಯ ಎಳೆ ಕಾಣುತ್ತಿದೆಯಾ? ಅದು ತಣಿದು ಹನಿಗಟ್ಟುತ್ತಿರುವ ಮೇಣ. ಕಡ್ಡಿಯನ್ನು ಬತ್ತಿಗೆ ತಾಗಿಸುವುದಿಲ್ಲ, ಒಂದು ಅಂಗುಲ ಮೇಲೆ, ಆ ಎಳೆಗೆ ಹಿಡಿಯುತ್ತೇನೆ. ಬತ್ತಿಯನ್ನೇ ನೋಡುತ್ತಿರಿ.