ಸೊಪ್ಪು ನೋಡಿ ಮೊಟ್ಟೆ ತನ್ನಿ

ಎಲ್ಲರಿಗೂ ನಮಸ್ಕಾರ, ಯುಗಾದಿಯ ಶುಭಾಶಯ. ಒಬ್ಬಟ್ಟಿನ ಊಟಕ್ಕೆ ಮುಂಚೆ ಹುಳದ ಬಗ್ಗೆ ಮಾತಾಡಲು ನಿಂತಿದ್ದೇನೆ. ಇದು ಯಾರ ಐಡಿಯಾ ಅಂತ ಕಮಿಟಿಯವರನ್ನು ಬಯ್ಯಬೇಡಿ, ನನ್ನದೇ. ಅರ್ಧ ಗಂಟೆ ಕೇಳಿದ್ದೆ, ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಮಕ್ಕಳ ಡ್ಯಾನ್ಸು ಇದೆಯಂತೆ.

ಇವತ್ತೇ ಯಾಕೆ ಹಟ ಹಿಡಿದೆ ಅಂದರೆ, ಈ ಹೊತ್ತಿಗೆ ಮೊನಾರ್ಕ್ ಚಿಟ್ಟೆಗಳು ಚಳಿಗಾಲ ಕಳೆದ ಮೆಕ್ಸಿಕೊದ ಬೆಟ್ಟ ಬಿಟ್ಟು ಟೆಕ್ಸಸ್ ಕಡೆ ಬಂದಿರುತ್ತವೆ. ಏಳೆಂಟು ತಿಂಗಳು ಬದುಕಿದ ಮುದುಕಿಯರು. ಬಣ್ಣ ಮಾಸಿದೆ, ರೆಕ್ಕೆ ಹರಿದಿದೆ. ಅಲ್ಲೇ ಹುಳದ ಮೇವಾದ ಮಿಲ್ಕ್‌ವೀಡ್ ಗಿಡದ ಚಿಗುರಿನ ಮೇಲೆ ಮೊಟ್ಟೆ ಇಟ್ಟು ಸಾಯುತ್ತವೆ. ಮೇ ತಿಂಗಳಲ್ಲಿ ನಮ್ಮ ಇಲಿನಾಯ್‌ಗೆ ಬರುವುದು ಹೆಚ್ಚಾಗಿ ಅವುಗಳ ಮಕ್ಕಳು. ಅಂದರೆ ನೆಂಟರು ಬರಲು ಇನ್ನೂ ಒಂದು ತಿಂಗಳ ಮೇಲೆ ಇದೆ. ಮನೆಯಲ್ಲಿ ಅಕ್ಕಿ ಇದೆಯಾ ಅಂತ ನೋಡಿಕೊಳ್ಳಬೇಕಲ್ವಾ?

ಮೊಟ್ಟೆ, ಹುಳ, ಕೋಶ, ಚಿಟ್ಟೆ ಅಂತ ಚಿತ್ರ ತೋರಿಸಲು ಹೋಗುವುದಿಲ್ಲ. ನಿಮ್ಮೆಲ್ಲರ ಮನೆಗೂ ಮಕ್ಕಳ ಸ್ಕೂಲಿನಿಂದ ಒಂದಲ್ಲ ಒಂದು ಬೇಸಿಗೆಯಲ್ಲಿ ತೂತು ಮಾಡಿದ ಹುಳದ ಡಬ್ಬಿ ಬಂದೇ ಇರುತ್ತದೆ. 1975ರಿಂದ ನಮ್ಮ ರಾಜ್ಯದ ಅಧಿಕೃತ ಕೀಟ ಬೇರೆ ಈ ಮೊನಾರ್ಕ್. ನಾನು ನಮ್ಮಮ್ಮನ ಕಥೆ ಹೇಳುತ್ತೇನೆ. ಕೆಲವರು ಕೇಳಿದ್ದೀರಿ. ಇನ್ನೊಮ್ಮೆ ಕೇಳಿ.

ಹತ್ತು ವರ್ಷದ ಹಿಂದೆ ನಾನು ಹುಳ ಸಾಕುವ ಈ ಹುಚ್ಚಿಗೆ ಬಿದ್ದೆ. ಮೊದಲ ಸಲ ಒಂದು ದೊಡ್ಡ ಅಂಗಡಿಯಿಂದ ಮಿಲ್ಕ್‌ವೀಡ್ ಗಿಡ ತಂದೆ. ಆರು ಹುಳ ಬಿಟ್ಟೆ, ಬೆಳಗಾಗುವಷ್ಟರಲ್ಲಿ ಆರೂ ಸುರುಟಿಕೊಂಡು ಬಿದ್ದಿದ್ದವು. ಗಿಡಕ್ಕೆ ಮೊದಲೇ ಔಷಧಿ ಹೊಡೆದಿದ್ದರು. ಯಾವ ಅಂಗಡಿ ಅಂತ ಹೇಳಲ್ಲ, ನೀವೂ ಅಲ್ಲಿಗೇ ಹೋಗುತ್ತೀರಿ. ಮರುವರ್ಷ ಬೀಜದಿಂದಲೇ ಗಿಡ ಎಬ್ಬಿಸಿದೆ, ಆ ಜೂನ್‌ನಲ್ಲಿ ಅಮ್ಮ ಬಂದರು. ಬೇರೆಯವರ ಅಮ್ಮಂದಿರು ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಬರುತ್ತಾರೆ. ನಮ್ಮಮ್ಮ ಹುಳದ ಬಾಣಂತನ ಮಾಡಿ ಹೋದರು.

ಅಮ್ಮ ಶಿಡ್ಲಘಟ್ಟದ ಹತ್ತಿರದ ಹಳ್ಳಿಯವರು. ಬೇರೆ ಹೇಳಬೇಕಾಗಿಲ್ಲ. ಮದುವೆಯಾಗಿ ಬಂದ ದಿನದಿಂದ ರೇಷ್ಮೆ ಹುಳ ಮೇಯಿಸಿದ ಕೈ. ಜೆಟ್‌ಲ್ಯಾಗ್‌ನಲ್ಲಿ ರಾತ್ರಿ ಮೂರು ಗಂಟೆಗೆ ಎದ್ದು ಅಡುಗೆಮನೆಗೆ ಹೋಗಿ, ನನ್ನ ಡಬ್ಬಿಯ ಮುಚ್ಚಳ ತೆಗೆದು ನೋಡಿ, ನನ್ನನ್ನು ಎಬ್ಬಿಸಿ ಹೇಳಿದ್ದು ಇದು: "ಇವು ಎರಡನೇ ಜ್ವರಕ್ಕೆ ಕೂತವೆ ಕಣೇ, ಸೊಪ್ಪು ಹಾಕಬೇಡ, ಮುಟ್ಟಬೇಡ."

ಜ್ವರ ಅಂದರೆ ಆ ಕಡೆಯವರಿಗೆ ಗೊತ್ತು. ಹುಳ ಚರ್ಮ ಬಿಡುವ ಮುಂಚೆ ಮೇವು ಬಿಟ್ಟು ಅಲ್ಲಾಡದೆ ಕೂರುತ್ತದಲ್ಲ, ಅದು. ರೇಷ್ಮೆ ಹುಳಕ್ಕೆ ನಾಲ್ಕು ಜ್ವರ, ಐದು ಹಂತ. ಮೊನಾರ್ಕ್‌ಗೂ ನಾಲ್ಕು ಜ್ವರ, ಐದು ಹಂತ. ನಾನು ಇಂಗ್ಲಿಷ್‌ನಲ್ಲಿ ಇಷ್ಟೆಲ್ಲ ಓದಿ ತಿಳಿದುಕೊಂಡಿದ್ದೆ, ಅಮ್ಮ ನಿದ್ದೆಗಣ್ಣಲ್ಲಿ ಹೇಳಿದರು. ಅವತ್ತಿಂದ ಅಡುಗೆಮನೆ ಅವರ ಹುಳಮನೆಯಾಯಿತು. ಕೈ ತೊಳೆಯದೆ ಯಾರೂ ಒಳಗೆ ಬರುವ ಹಾಗಿಲ್ಲ. ನನ್ನ ಗಂಡ ಕಾಫಿಗೆ ಬಂದರೂ ಅಷ್ಟೇ. ದಿನಾ ಹಿಕ್ಕೆ ತೆಗೆಯಬೇಕು. ದಟ್ಟ ಆಗದ ಹಾಗೆ ಹುಳ ಬೇರೆ ಮಾಡಬೇಕು.

ಎಲೆ ಮುರಿದರೆ ಹಾಲು ಬಂತು. "ಇದು ನಮ್ಮ ಎಕ್ಕದ ಜಾತಿ ಅಲ್ವೇನೆ?" ಅಂದರು. ಹೌದು, ಒಂದೇ ಬಳಗ. ರಥಸಪ್ತಮಿಗೆ ಎಲೆ ಇಟ್ಟುಕೊಂಡು ಸ್ನಾನ ಮಾಡುತ್ತೇವಲ್ಲ, ಅದೇ ಎಕ್ಕ. ನಮ್ಮೂರ ಎಕ್ಕದ ಗಿಡದಲ್ಲೂ ಇಂಥದೇ ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳ ಇರುತ್ತದೆ. ಅದು ಪ್ಲೇನ್ ಟೈಗರ್ ಚಿಟ್ಟೆಯದು, ಮೊನಾರ್ಕ್‌ಗೆ ಹತ್ತಿರದ ದಾಯಾದಿ. ಮೊನಾರ್ಕ್ ಹುಳಕ್ಕೆ ಮುಂದೊಂದು ಹಿಂದೊಂದು, ಎರಡು ಜೊತೆ ಕೋಡು. ಪ್ಲೇನ್ ಟೈಗರ್ ಹುಳಕ್ಕೆ ನಡುವೆ ಇನ್ನೊಂದು ಜೊತೆ ಜಾಸ್ತಿ. ಊರಿಗೆ ಹೋದಾಗ ಬಸ್‌ಸ್ಟಾಪ್ ಹಿಂದಿನ ಎಕ್ಕದ ಗಿಡ ನೋಡಿ. ಜನ ನಿಮ್ಮನ್ನು ನೋಡುತ್ತಾರೆ, ಪರವಾಗಿಲ್ಲ.

ಆ ಹಾಲು ವಿಷ. ಈಗಷ್ಟೇ ಹುಟ್ಟಿದ ಮರಿಗೆ ಬಾಯಿ ಅಂಟಿಕೊಂಡರೆ ಅಲ್ಲಿಗೆ ಮುಗಿಯಿತು. ಅದಕ್ಕೆ ಸಣ್ಣ ಹುಳ ಎಲೆಯ ಮೇಲೆ ದುಂಡಗೆ ಒಂದು ಕಾಲುವೆ ಕೊರೆದು, ಹಾಲು ಹರಿದು ಖಾಲಿಯಾದ ಮೇಲೆ ನಡುವಿನ ಭಾಗ ತಿನ್ನುತ್ತದೆ. ದೊಡ್ಡದು ಎಲೆಯ ತೊಟ್ಟನ್ನೇ ಅರ್ಧ ಕಚ್ಚುತ್ತದೆ. ಎಲೆ ಜೋತು ಬೀಳುತ್ತದೆ, ಹಾಲು ನಿಲ್ಲುತ್ತದೆ, ಆಮೇಲೆ ಊಟ. "ನಲ್ಲಿ ಬಂದ್ ಮಾಡಿ ಊಟಕ್ಕೆ ಕೂತ್ಕೊಳುತ್ತೆ ನೋಡೇ" ಅಂತ ಅಮ್ಮ ಎದುರುಮನೆ ಪಂಜಾಬಿ ಅಜ್ಜಿಯನ್ನೂ ಕರೆದು ತೋರಿಸಿದರು. ಅವರಿಬ್ಬರೂ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರು ಅನ್ನುವುದು ಇವತ್ತಿಗೂ ನನಗೆ ಬಗೆಹರಿದಿಲ್ಲ.

ಎರಡು ವಾರ ಆಗುತ್ತಿದ್ದ ಹಾಗೆ ಹುಳ ಮೇವು ಬಿಟ್ಟು ಅಲೆಯಲು ಶುರು ಮಾಡಿದವು. "ಹಣ್ಣಾಗವೆ, ಚಂದ್ರಿಕೆ ಎಲ್ಲಿ?" ಅಂದರು. ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ ಇಲ್ಲಿ ಎಲ್ಲಿಂದ ತರಲಿ? ಅಮ್ಮಾ, ಇದು ರೇಷ್ಮೆಗೂಡು ಕಟ್ಟಲ್ಲ, ಒಂದು ಚೂರು ನೂಲು ಅಂಟಿಸಿ ತಲೆ ಕೆಳಗಾಗಿ ನೇತಾಡುತ್ತೆ ಅಂದೆ. ನಂಬಲಿಲ್ಲ. ನೇತಾಡಿತು, ಇಂಗ್ಲಿಷ್ ಜೆ ಅಕ್ಷರದ ಹಾಗೆ. ಮಾರನೇ ದಿನ ಚರ್ಮ ಕಳಚಿ ಹಸಿರು ಕೋಶ ಆಯಿತು, ಮೇಲೆ ಚಿನ್ನದ ಚುಕ್ಕಿಗಳು. ಮೈಸೂರು ಸಿಲ್ಕ್ ಸೀರೆಗೆ ಜರಿ ಹಾಕಿದ ಹಾಗಿದೆ ಅಂತ ನಾನಂದರೆ, "ರೇಷ್ಮೆ ಕೊಡದೆ ಬರೀ ಶೋಕಿ" ಅಂದರು ಅಮ್ಮ.

ಒಂದು ಹುಳ ತಪ್ಪಿಸಿಕೊಂಡಿತ್ತು. ಎರಡು ದಿನ ಹುಡುಕಿದೆವು. ಕೊನೆಗೆ ಬಟ್ಟೆ ಒಣಹಾಕುವ ಸ್ಟ್ಯಾಂಡಿನಲ್ಲಿ, ಅಮ್ಮನ ಕಾಟನ್ ಸೀರೆಯ ಅಂಚಿನಲ್ಲಿ ನೇತಾಡುತ್ತಿತ್ತು. ಆ ಸೀರೆ ಅಲ್ಲೇ ಹನ್ನೆರಡು ದಿನ ಇತ್ತು. ಯಾರೂ ಆ ಸ್ಟ್ಯಾಂಡು ಮುಟ್ಟುವ ಹಾಗಿಲ್ಲ. ಒಂದು ಸಂಜೆ ಕೋಶ ಕಪ್ಪಾಯಿತು, ಒಳಗೆ ಕಿತ್ತಳೆ ರೆಕ್ಕೆ ಕಾಣಿಸಿತು. ಬೆಳಗ್ಗೆ ಏಳಕ್ಕೆ ಅಮ್ಮ ಕೂಗಿದರು. ನಾನು ಓಡುವಷ್ಟರಲ್ಲಿ ಅರ್ಧ ಹೊರಗೆ ಬಂದಿತ್ತು. ಊದಿದ ಹೊಟ್ಟೆ, ಮುದುಡಿದ ಪುಟಾಣಿ ರೆಕ್ಕೆ, ನೋಡಿದರೆ ಅಯ್ಯೋ ಅನಿಸುತ್ತದೆ. ಹೊಟ್ಟೆಯಿಂದ ರೆಕ್ಕೆಗೆ ನೀರು ಒತ್ತುತ್ತಾ ಒತ್ತುತ್ತಾ ಕಣ್ಣೆದುರೇ ರೆಕ್ಕೆ ಇಳಿಯಿತು.

ಅಮ್ಮ ಎಷ್ಟೋ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಲವತ್ತು ವರ್ಷ ಹುಳ ಮೇಯಿಸಿದೆ. ಚಿಟ್ಟೆ ಆಚೆ ಬಂದರೆ ಗೂಡು ಕೆಟ್ಟೋಯ್ತು ಅಂತ ಬೈಕೊಂಡೇ ನೋಡಿದ್ದು" ಅಂದರು.

ಹೌದಲ್ವಾ? ರೇಷ್ಮೆಗೂಡನ್ನು ಚಿಟ್ಟೆ ಬರುವ ಮುಂಚೆಯೇ ಮಾರುಕಟ್ಟೆಗೆ ಹಾಕಬೇಕು. ತೂತು ಬಿದ್ದ ಗೂಡಿನ ನೂಲು ಬಿಚ್ಚಲು ಬರುವುದಿಲ್ಲ. ಆ ಚಿಟ್ಟೆ ಹೋಗುವಾಗ ಸೀರೆ ಮೇಲೆ ಒಂದು ಕೆಂಚು ಕಲೆ ಬಿಟ್ಟು ಹೋಯಿತು. ಕೋಶದಿಂದ ಬಂದ ತಕ್ಷಣ ಎಲ್ಲವೂ ಹಾಗೆ ಮಾಡುತ್ತವೆ. ಅಮ್ಮ ನೆನಪಿಗೆ ಅಂತ ಉಳಿಸಿಕೊಂಡಿಲ್ಲ, ಚೆನ್ನಾಗಿ ಉಜ್ಜಿದರು, ಹೋಗಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮರುವರ್ಷ ನನಗೆ ಆಸೆ ಜಾಸ್ತಿಯಾಯಿತು. ನೂರು ಮೊಟ್ಟೆಯಲ್ಲಿ ಐದು ಚಿಟ್ಟೆಯೂ ಆಗುವುದಿಲ್ಲ ಅಂತ ಓದಿದ್ದೆ. ಇರುವೆ, ಜೇಡ, ಕಣಜ, ಎಲ್ಲಕ್ಕೂ ಊಟ ಇವು. ಉಳಿಸಲೇಬೇಕು ಅಂತ ಸಿಕ್ಕ ಸಿಕ್ಕ ಮೊಟ್ಟೆ ತಂದೆ. ಎಪ್ಪತ್ತಮೂರು ಹುಳ. ಗಿಡ ಇದ್ದದ್ದು ಹನ್ನೊಂದು. ಆಗಸ್ಟ್‌ನಲ್ಲಿ ಕೋಶದಿಂದ ಅರ್ಧ ಬಂದು ಸಿಕ್ಕಿಕೊಂಡವು, ಬಂದವಕ್ಕೂ ರೆಕ್ಕೆ ಸೊಟ್ಟ. ಅಮ್ಮನಿಗೆ ಫೋನು ಮಾಡಿ ಅತ್ತೆ. ಅವರು ಸಮಾಧಾನ ಮಾಡಲಿಲ್ಲ. "ಎಷ್ಟು ಹುಳ? ಎಷ್ಟು ಸೊಪ್ಪು?" ಅಂದರು. "ಸೊಪ್ಪು ನೋಡಿ ಮೊಟ್ಟೆ ತರಬೇಕು ಅಂತ ನಿಂಗೆ ಗೊತ್ತಿಲ್ವಾ?"

ರೆಕ್ಕೆ ಹಾಗೆ ಸೊಟ್ಟ ಮಾಡುವ ಓಇ ಅಂತ ಒಂದು ಪರಾವಲಂಬಿ ಜೀವಿ ಇದೆ. ತಾಯಿ ಚಿಟ್ಟೆಯ ಮೈಮೇಲಿನ ಅದರ ಪುಡಿ ಮೊಟ್ಟೆಗೂ ಎಲೆಗೂ ಉದುರುತ್ತದೆ, ಮರಿ ತಿನ್ನುತ್ತದೆ. ಒತ್ತೊತ್ತಾಗಿ ಸಾಕಿದರೆ ಎಲ್ಲಕ್ಕೂ ಹಬ್ಬುತ್ತದೆ. ರೇಷ್ಮೆ ಹುಳದ ಗಂಟುರೋಗವೂ ತಾಯಿಂದಲೇ ಬರುವುದು. ರೇಷ್ಮೆ ಹುಳದ ಮೇಲೆ ಮೊಟ್ಟೆ ಇಟ್ಟು ಕೊಲ್ಲುವ ಊಜಿ ನೊಣ ಗೊತ್ತಲ್ಲ, ಅದರ ಬಳಗದ ನೊಣವೂ ಇಲ್ಲಿದೆ. ಸತ್ತ ಹುಳದಿಂದ ಬಿಳಿ ದಾರ ಇಳಿಬಿದ್ದಿದ್ದರೆ ಅದೇ. ನೀವು ಸಾಕುವುದಾದರೆ ನಾಲ್ಕೈದು ಸಾಕಿ, ಒಂದೊಂದನ್ನೂ ನೋಡಿ. ನೋಡುವುದಕ್ಕೇ ಸಾಕಬೇಕು. ಜಾತಿ ಉಳಿಸಲು ಅಡುಗೆಮನೆ ಸಾಲದು.

ಯಾಕೆ ಅಂತ ಲೆಕ್ಕ ಹೇಳುತ್ತೇನೆ. ಮೆಕ್ಸಿಕೊದಲ್ಲಿ ಚಿಟ್ಟೆ ಎಣಿಸಲು ಆಗುವುದಿಲ್ಲ, ಅಷ್ಟು ದಟ್ಟವಾಗಿ ಮರಕ್ಕೆ ಜೋತಿರುತ್ತವೆ. ಎಷ್ಟು ಕಾಡು ತುಂಬಿವೆ ಅಂತ ಅಳೆಯುತ್ತಾರೆ. 1996-97ರ ಚಳಿಗಾಲದಲ್ಲಿ 18 ಹೆಕ್ಟೇರ್, ಸುಮಾರು 45 ಎಕರೆ. 2013-14ರಲ್ಲಿ 0.67 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ ಒಂದು ಎಕರೆ ಇಪ್ಪತ್ತಾರು ಗುಂಟೆ. ಅಮೆರಿಕದ ಪೂರ್ವದಿಂದ, ಕೆನಡಾದಿಂದ ಹೋದ ಚಿಟ್ಟೆಗಳು ಒಂದು ಸಣ್ಣ ರೈತನ ಜಮೀನಿನಷ್ಟು ಜಾಗದಲ್ಲಿ! 2024-25ರಲ್ಲಿ 1.79 ಹೆಕ್ಟೇರ್ ಇತ್ತು, ಅದಕ್ಕೆ ಹಿಂದಿನ ವರ್ಷ 0.9.

ಕಾಡು ಕಡಿದಿದ್ದು, ಟೆಕ್ಸಸ್‌ನ ಬರ, ಎಲ್ಲ ಇದೆ. ಆದರೆ ನಮ್ಮ ಪಾಲು ದೊಡ್ಡದು. 1996ರಿಂದ ಕಳೆನಾಶಕ ತಡೆದುಕೊಳ್ಳುವ ಸೋಯಾ ಬಂತು, ಹಿಂದೆಯೇ ಮುಸುಕಿನ ಜೋಳ. ಹೊಲಕ್ಕೆಲ್ಲ ಔಷಧಿ ಹೊಡೆದರೆ ಬೆಳೆ ಉಳಿಯುತ್ತದೆ, ಸಾಲಿನ ನಡುವೆ ಇದ್ದ ಮಿಲ್ಕ್‌ವೀಡ್ ಸಾಯುತ್ತದೆ. ಯಾವ ಹೊಲ? ನಮ್ಮ ಇಲಿನಾಯ್, ಪಕ್ಕದ ಅಯೋವ. ಹೈವೇಯಲ್ಲಿ ಎರಡೂ ಕಡೆ ಕಾಣುತ್ತದಲ್ಲ, ಅದೇ. ಹುಳಕ್ಕೆ ಕೊರತೆ ಆಗಿದ್ದು ಸೊಪ್ಪು. ಒಂದು ತಾಯಿ ನೂರಾರು ಮೊಟ್ಟೆ ಇಡುತ್ತಾಳೆ, ಅದಕ್ಕೇನೂ ಬರ ಇಲ್ಲ. ಸೊಪ್ಪು ಇಡಿ.

ಇನ್ನೊಂದು ವಿಷಯ. 2019ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. ವ್ಯಾಪಾರಕ್ಕೆ ತಲೆಮಾರುಗಟ್ಟಲೆ ಸಾಕಿದ ಮೊನಾರ್ಕ್‌ಗಳ ವಂಶದವು ಶರತ್ಕಾಲದಲ್ಲಿ ದಕ್ಷಿಣಕ್ಕೆ ಮುಖ ಮಾಡಲಿಲ್ಲ. ಕಾಡಿನ ವಂಶದವನ್ನೂ ಮನೆಯೊಳಗೆ ಬೆಳೆಸಿದರೆ ದಿಕ್ಕು ತಪ್ಪಿತು. ಆಮೇಲೆ ಕೆನಡಾದಲ್ಲಿ, ಒಳಗೆ ಬೆಳೆದವನ್ನು ಹೊರಗೆ ಬಿಟ್ಟರೆ ಬಿಸಿಲು ಕಂಡು ದಿಕ್ಕು ಸರಿಮಾಡಿಕೊಳ್ಳುತ್ತವೆ ಅಂತಲೂ ಕಂಡುಬಂತು. ಇರಲಿ. ನನಗೆ ಹೊಳೆಯುವುದು ರೇಷ್ಮೆ ಚಿಟ್ಟೆ. ಅದಕ್ಕೆ ರೆಕ್ಕೆ ಇದೆ, ಹಾರಲು ಬರುವುದಿಲ್ಲ, ಪಟಪಟ ಅಂತ ಅಲ್ಲೇ ಸುತ್ತುತ್ತದೆ. ಸಾವಿರಾರು ವರ್ಷ ಸಾಕಿ ಸಾಕಿ ನಾವೇ ಹಾಗೆ ಮಾಡಿದ್ದು. ಅರ್ಧ ಗ್ರಾಮಿನ ಮೊನಾರ್ಕ್ 4,000 ಕಿಲೋಮೀಟರ್ ಹಾರುತ್ತದೆ. ಅದನ್ನು ಡಬ್ಬಿಯ ಪ್ರಾಣಿ ಮಾಡುವುದು ಬೇಡ.

ಚೀಟಿ ಬಂತು. ಐದು ನಿಮಿಷ ಅಂತೆ. ಮೆಕ್ಸಿಕೊ ಕಥೆ ವಿವರವಾಗಿ ಹೇಳಬೇಕು ಅಂತಿದ್ದೆ. ಟೊರೊಂಟೊದ ಫ್ರೆಡ್ ಮತ್ತು ನೋರಾ ಅರ್ಕ್‌ಹಾರ್ಟ್ ದಂಪತಿ ದಶಕಗಟ್ಟಲೆ ರೆಕ್ಕೆಗೆ ಚೀಟಿ ಅಂಟಿಸಿ ಎಲ್ಲಿ ಹೋಗುತ್ತವೆ ಅಂತ ಹುಡುಕಿದರು. 1975ರ ಜನವರಿಯಲ್ಲಿ ಅವರಿಗೆ ನೆರವಾಗುತ್ತಿದ್ದ ಕೆನ್ ಬ್ರಗ್ಗರ್, ಕ್ಯಾಟಲಿನಾ ಅಗುವಾಡೊ ಬೆಟ್ಟದ ಮೇಲೆ ಕಂಡುಕೊಂಡರು. ಬ್ರಗ್ಗರ್‌ಗೆ ಬಣ್ಣಗುರುಡು ಇತ್ತಂತೆ, ಪಾಪ, ಕಿತ್ತಳೆ ಬಣ್ಣದ ಆ ಕಾಡಿನಲ್ಲಿ! ಅಲ್ಲಿನ ಊರಿನವರಿಗೆ ಮಾತ್ರ ಮೊದಲೇ ಗೊತ್ತಿತ್ತು. ನವೆಂಬರ್ ಮೊದಲ ವಾರ, ಸತ್ತವರ ಹಬ್ಬದ ಹೊತ್ತಿಗೆ ಬರುವುದರಿಂದ ಹಿರಿಯರ ಆತ್ಮ ಅನ್ನುತ್ತಿದ್ದರು. ನಮ್ಮಲ್ಲಿ ಪಿತೃಪಕ್ಷಕ್ಕೆ ಕಾಗೆ. ನನಗೆ ಕೇಳಿದರೆ ಚಿಟ್ಟೆ ವಾಸಿ, ಕಾಗೆಯಷ್ಟು ಜಗಳ ಮಾಡಲ್ಲ.

ಚಿಟ್ಟೆಯ ಮೀಸೆಯಲ್ಲಿ ಗಡಿಯಾರ ಇರುವ ವಿಷಯ ಬಿಡುತ್ತೇನೆ, ಪ್ರಶ್ನೆ ಕೇಳಿದರೆ ಹೇಳುತ್ತೇನೆ. ನಮ್ಮ ಬಡಾವಣೆಯ ಸಂಘದಿಂದ ಕಳೆ ಬೆಳೆಸಿದ್ದೀರಿ ಅಂತ ನೋಟಿಸ್ ಬಂದ ಕಥೆಯೂ ಊಟಕ್ಕೆ ಕೂತಾಗ.

ಬೀಜ ಹೇಗೆ ಹಾಕಬೇಕು ಅಂತ ಹೇಳಿ ಮುಗಿಸುತ್ತೇನೆ. ನಾನು ತಂದಿರುವುದು ಸ್ವಾಂಪ್ ಮಿಲ್ಕ್‌ವೀಡ್, ಇಲ್ಲಿಯದೇ ಗಿಡ, ಗುಲಾಬಿ ಹೂವು, ಮನೆ ಮುಂದೆ ಮರ್ಯಾದೆಯಾಗಿ ಇರುತ್ತದೆ. ಇವತ್ತೇ ಒದ್ದೆ ಟಿಶ್ಯೂ ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಹಾಕಿ ಒಂದು ತಿಂಗಳು ಫ್ರಿಜ್‌ನಲ್ಲಿಡಿ. ಚಳಿ ತಾಗದಿದ್ದರೆ ಸರಿಯಾಗಿ ಮೊಳೆಯಲ್ಲ. ಮೇನಲ್ಲಿ ಬಿಸಿಲಿರುವ ಕಡೆ ಹಾಕಿ. ಡಬ್ಬಿ ಮೇಲೆ ಹೆಸರು ಬರೆಯಿರಿ, ವಿಷದ ಗಿಡ, ನಮ್ಮನೆಯಲ್ಲಿ ಒಮ್ಮೆ ಒಗ್ಗರಣೆಗೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ಟೆಕ್ಸಸ್‌ನಲ್ಲಿ ನೆಂಟರಿರುವವರು ಕೆಂಪು ಹಳದಿ ಹೂವಿನ ಟ್ರಾಪಿಕಲ್ ಮಿಲ್ಕ್‌ವೀಡ್ ಬೇಡ ಅಂತ ಅವರಿಗೆ ಹೇಳಿ. ಅಲ್ಲಿ ಚಳಿಗಾಲದಲ್ಲೂ ಒಣಗದೆ ರೋಗದ ಪುಡಿ ಉಳಿದುಬಿಡುತ್ತದೆ.

ಪೊಟ್ಟಣಗಳು ಹಿಂದಿನ ಟೇಬಲ್ ಮೇಲೆ, ಬೇವು ಬೆಲ್ಲದ ಪಕ್ಕದಲ್ಲಿವೆ. ಮನೆಗೆ ಒಂದು. ಮೊಟ್ಟೆ ಮಾತ್ರ ಕೇಳಬೇಡಿ, ಕೊಡಲ್ಲ.